ನ್ಯಾನೊ ಕಣ ತಯಾರಿಸಿದರೆ ಸಾಲದು, ಅದಕ್ಕೆ ಏನು ಅಂಟುತ್ತದೆ ನೋಡಿ

ಮಾನ್ಯ ಸಂಪಾದಕರೇ,

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಪದವಿ ಕಾಲೇಜುಗಳಲ್ಲಿ ಅಂತಿಮ ಸೆಮಿಸ್ಟರಿನ ಪ್ರಾಜೆಕ್ಟ್ ಎಂದರೆ ಈಗೀಗ ಬಹಳ ಕಡೆ ಒಂದೇ ಅಚ್ಚು. ಬೇವಿನ ಇಲ್ಲವೇ ತುಳಸಿ ಎಲೆಯ ಕಷಾಯಕ್ಕೆ ಸಿಲ್ವರ್ ನೈಟ್ರೇಟ್ ಹಾಕುವುದು, ದ್ರಾವಣ ಕಂದು ಬಣ್ಣಕ್ಕೆ ತಿರುಗಿದ ಕೂಡಲೇ ಬೆಳ್ಳಿಯ ನ್ಯಾನೊ ಕಣ (ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗವಾದ ನ್ಯಾನೊಮೀಟರಿನಲ್ಲಿ ಅಳೆಯುವ ಕಣ) ಸಿದ್ಧವಾಯಿತು ಎಂದು ಬರೆಯುವುದು, ಅದರಲ್ಲಿ ಅದ್ದಿದ ಕಾಗದದ ಬಿಲ್ಲೆಯನ್ನು ಬ್ಯಾಕ್ಟೀರಿಯಾ ಬಿತ್ತಿದ ತಟ್ಟೆಯ ಮೇಲಿಟ್ಟು ಸುತ್ತಲಿನ ಖಾಲಿ ವಲಯವನ್ನು ಮಿಲಿಮೀಟರಿನಲ್ಲಿ ಅಳೆಯುವುದು. ವರದಿ ಅಲ್ಲಿಗೇ ಮುಗಿಯುತ್ತದೆ. ನಿಜವಾದ ಪ್ರಶ್ನೆ ಅಲ್ಲಿಂದಲೇ ಶುರುವಾಗಬೇಕಿತ್ತು: ಆ ಕಣದ ಮೈಗೆ ಯಾವ ಅಣು ಅಂಟಿತು, ಎಷ್ಟು ಅಂಟಿತು, ಅಂಟಿದ ಮೇಲೆ ಏನಾಯಿತು? ಈ ಪ್ರಶ್ನೆಗೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕೇ ಬೇಕು ಎಂಬ ಅಂಜಿಕೆ ನಮ್ಮ ಭಾಗದ ವಿದ್ಯಾರ್ಥಿಗಳಲ್ಲೂ ಅಧ್ಯಾಪಕರಲ್ಲೂ ಗಟ್ಟಿಯಾಗಿ ಕೂತಿದೆ. ಅದು ತಪ್ಪು ಎಂದು ತೋರಿಸಲೆಂದೇ ಈ ಪತ್ರ. ಉದ್ದವಾದರೂ ದಯವಿಟ್ಟು ಪ್ರಕಟಿಸಿ. ಅಳತೆಗಳನ್ನು ಬಿಟ್ಟು ಬರೆದರೆ ಯಾರಿಗೂ ಉಪಯೋಗವಾಗುವುದಿಲ್ಲ.

ಮೊದಲು ಆ ಬೆಳ್ಳಿಯ ಪ್ರಾಜೆಕ್ಟಿನ ದೋಷ ಹೇಳಿಬಿಡುತ್ತೇವೆ. ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಅಗರ್ ಗಟ್ಟಿಯಲ್ಲಿ ನ್ಯಾನೊ ಕಣಗಳು ಹೆಚ್ಚು ದೂರ ಸರಿಯುವುದಿಲ್ಲ, ಸರಿಯುವುದು ಕರಗಿರುವ ಬೆಳ್ಳಿಯ ಅಯಾನು. ಹೀಗಾಗಿ ಖಾಲಿ ವಲಯ ಕಂಡರೆ ಅದು ಕಣದ ಕೆಲಸವೋ, ಉಳಿದುಹೋದ ಸಿಲ್ವರ್ ನೈಟ್ರೇಟಿನ ಕೆಲಸವೋ ಗೊತ್ತಾಗದು. ಅದೇ ತಟ್ಟೆಯಲ್ಲಿ ಬರೀ ಕಷಾಯ, ಬರೀ ಸಿಲ್ವರ್ ನೈಟ್ರೇಟ್, ಕಣಗಳನ್ನು ಕೆಳಗಿಳಿಸಿ ತೆಗೆದ ಮೇಲಿನ ತಿಳಿ, ಈ ಮೂರು ಬಿಲ್ಲೆಗಳು ಇರಲೇಬೇಕು. ನಲ್ಲಿ ನೀರಿನಲ್ಲಿ ಕಷಾಯ ಕುದಿಸಿದ್ದರೆ ಅದರಲ್ಲಿನ ಕ್ಲೋರೈಡು ಬೆಳ್ಳಿಯನ್ನು ಹಿಡಿದು ಬಿಳಿ ಸಿಲ್ವರ್ ಕ್ಲೋರೈಡ್ ಆಗುತ್ತದೆ. ಆ ಮಬ್ಬನ್ನೂ ಕಣವೆಂದೇ ಎಣಿಸಿದ ವರದಿಗಳಿವೆ. ಇನ್ನು ಎಲೆಯ ಪಾಲಿಫಿನಾಲು, ಪ್ರೋಟೀನುಗಳು ಕಣ ಹುಟ್ಟುವಾಗಲೇ ಅದರ ಮೈ ಮುಚ್ಚಿರುತ್ತವೆ. ಬ್ಯಾಕ್ಟೀರಿಯಾಕ್ಕೆ ಎದುರಾಗುವುದು ಬೆಳ್ಳಿಗಿಂತ ಮೊದಲು ಆ ಹೊದಿಕೆ. ಹೊದಿಕೆಯಲ್ಲಿ ಏನಿದೆ ಎಂದು ತಿಳಿಯದೆ ಪರಸ್ಪರ ಕ್ರಿಯೆಯನ್ನು ಅಭ್ಯಾಸ ಮಾಡಲು ಬರುವುದಿಲ್ಲ. ಆದ್ದರಿಂದ ಕಲಿಯುವವರು ಮೈ ಶುದ್ಧವಾಗಿರುವ, ಬಣ್ಣದಿಂದಲೇ ಸುದ್ದಿ ಕೊಡುವ ಕಣದಿಂದ ಆರಂಭಿಸಬೇಕು. ಅದು ಚಿನ್ನ.

ಬಿ.ಎಸ್ಸಿ. ಪಠ್ಯದ ಕಲಿಲಗಳ (ದ್ರವದಲ್ಲಿ ತೇಲುವ ಅತಿಸೂಕ್ಷ್ಮ ಕಣಗಳ) ಅಧ್ಯಾಯದಲ್ಲಿ ‘ಗೋಲ್ಡ್ ನಂಬರ್’ ಎಂಬ ಎರಡು ಅಂಕದ ಪ್ರಶ್ನೆ ಇದೆ. 10 ಮಿ.ಲೀ. ಚಿನ್ನದ ಕಲಿಲಕ್ಕೆ 1 ಮಿ.ಲೀ. 10% ಉಪ್ಪಿನ ದ್ರಾವಣ ಹಾಕಿದಾಗ ಕಣಗಳು ಉಂಡೆಗಟ್ಟಿ ಕೆಂಪು ನೀಲಿಯಾಗದಂತೆ ತಡೆಯಲು ಬೇಕಾಗುವ ರಕ್ಷಕ ಕಲಿಲದ, ಅಂದರೆ ಕಣದ ಮೈ ಮುಚ್ಚಿ ಕಾಯುವ ಪದಾರ್ಥದ, ಕನಿಷ್ಠ ಮಿಲಿಗ್ರಾಂ. ಜೆಲಾಟಿನ್‌ಗೆ 0.005ರಿಂದ 0.01, ಆಲೂಗಡ್ಡೆಯ ಪಿಷ್ಟಕ್ಕೆ ಸುಮಾರು 25. ಮಕ್ಕಳು ಇದನ್ನು ಬಾಯಿಪಾಠ ಮಾಡುತ್ತಾರೆ, ಒಮ್ಮೆಯೂ ನೋಡುವುದಿಲ್ಲ. 1901ರಲ್ಲಿ ರಿಚರ್ಡ್ ಜಿಗ್ಮಾಂಡಿ ಈ ಅಳತೆ ಕೊಟ್ಟರು, 1925ರ ರಸಾಯನಶಾಸ್ತ್ರದ ನೊಬೆಲ್ ಅವರಿಗೆ ಸಂದಿತು. ಇಂದು ‘ಪ್ರೋಟೀನ್ ಕೊರೋನಾ’ ಎಂದು ದೊಡ್ಡ ಪತ್ರಿಕೆಗಳಲ್ಲಿ ಚರ್ಚೆಯಾಗುವ ವಿಷಯದ ಬೇರು ಇದೇ ಎರಡು ಅಂಕದ ಪ್ರಶ್ನೆಯಲ್ಲಿದೆ. (ಕೊರೋನಾ ಎಂದರೆ ಇಲ್ಲಿ ಕಿರೀಟ, ಕಣದ ಸುತ್ತ ಪ್ರೋಟೀನಿನ ಕಿರೀಟ.)

ಮಾಡುವ ಬಗೆ ಹೀಗೆ. 1 ಗ್ರಾಂ ಗೋಲ್ಡ್ ಕ್ಲೋರೈಡನ್ನು, ಅಂದರೆ ಮೂರು ನೀರಿನ ಅಣು ಇರುವ ಕ್ಲೋರೊಆರಿಕ್ ಆಮ್ಲವನ್ನು, ಸೀಸೆ ಒಡೆದ ದಿನವೇ ಪೂರ್ತಿಯಾಗಿ 100 ಮಿ.ಲೀ. ಶುದ್ಧ ನೀರಿನಲ್ಲಿ ಕರಗಿಸಿ ಕಂದು ಸೀಸೆಯಲ್ಲಿಡಿ. ಅದು ಗಾಳಿಯ ತೇವ ಹೀರಿ ಅಂಟಂಟಾಗುವ ವಸ್ತು, ಎರಡನೇ ಸಲ ತೂಗಿದರೆ ತೂಕ ಸುಳ್ಳಾಗುತ್ತದೆ. ಸ್ಟೀಲ್ ಚಮಚ ತಾಗಿಸಬೇಡಿ, ಚಿನ್ನ ಚಮಚದ ಮೇಲೆಯೇ ಕೂರುತ್ತದೆ. ಈ ಮೂಲ ದ್ರಾವಣದ 1 ಮಿ.ಲೀ.ಯನ್ನು ಗಾಜಿನ ಪಿಪೆಟ್ಟಿನಿಂದ ತೆಗೆದು 100 ಮಿ.ಲೀ. ನೀರಿಗೆ ಹಾಕಿದರೆ ಸುಮಾರು 0.25 ಮಿಲಿಮೋಲಾರ್ (ಲೀಟರಿಗೆ ಒಂದು ಮೋಲಿನ ಸಾವಿರದ ಒಂದು ಭಾಗ ಎಂದರೆ 1 ಮಿಲಿಮೋಲಾರ್) ಆಗುತ್ತದೆ. ಹೀಗೆ ಒಂದು ಗ್ರಾಂ ನೂರು ಸಲಕ್ಕೆ ಬರುತ್ತದೆ. ‘ಚಿನ್ನ ದುಬಾರಿ’ ಎನ್ನುವವರು ಬೆಲೆಯನ್ನು ನೂರರಿಂದ ಭಾಗಿಸಿ ನೋಡಲಿ.

ದ್ರಾವಣ ಚೆನ್ನಾಗಿ ಕೊತಕೊತ ಕುದಿಯುವಾಗ, ಕಲಕುತ್ತಲೇ, 1% ಟ್ರೈಸೋಡಿಯಂ ಸಿಟ್ರೇಟ್ 3 ಮಿ.ಲೀ. ಒಮ್ಮೆಲೇ ಸುರಿಯಿರಿ. ತಿಳಿ ಹಳದಿ ಮಾಯವಾಗಿ, ಬೂದು ನೀಲಿಯಾಗಿ, ನೇರಳೆ ದಾಟಿ, ಕೆಲವು ನಿಮಿಷಗಳಲ್ಲಿ ದ್ರಾಕ್ಷಾರಸದ ಕೆಂಪಿಗೆ ನಿಲ್ಲುತ್ತದೆ. ಇನ್ನೂ ಹತ್ತು ನಿಮಿಷ ಕುದಿಸಿ ಆರಿಸಿ. ಆವಿಯಾದಷ್ಟು ನೀರು ಕೂಡಿಸಿ ಮತ್ತೆ 100 ಮಿ.ಲೀ. ಮಾಡಿ. ಕಣದ ಗಾತ್ರ ಸುಮಾರು 15 ನ್ಯಾನೊಮೀಟರ್, ಬೆಳಕನ್ನು ಅತಿ ಹೆಚ್ಚು ಹೀರುವ ತರಂಗಾಂತರ ಸುಮಾರು 520 ನ್ಯಾನೊಮೀಟರ್. ಸಿಟ್ರೇಟ್ ಕಡಿಮೆಯಾದರೆ ಕಣ ದೊಡ್ಡದಾಗುತ್ತದೆ. ಕುದಿ ಇಳಿದಾಗ ಹಾಕಿದರೆ ಚಿಕ್ಕವು ದೊಡ್ಡವು ಬೆರೆತು ಬಣ್ಣ ನೇರಳೆಯಲ್ಲೇ ನಿಲ್ಲುತ್ತದೆ. ಸಿಟ್ರೇಟ್ ದ್ರಾವಣದಲ್ಲಿ ಕೆಲವೇ ದಿನಕ್ಕೆ ಬೂಷ್ಟು ಬರುವುದರಿಂದ ಅದನ್ನು ಪ್ರತಿ ಸಲ ಹೊಸದಾಗಿ ಮಾಡಬೇಕು. ಗಾಜಿನ ಪಾತ್ರೆಯನ್ನು ಆಕ್ವಾ ರೀಜಿಯಾದಿಂದ (ಹೈಡ್ರೋಕ್ಲೋರಿಕ್ ಆಮ್ಲ ಮೂರು ಪಾಲು, ನೈಟ್ರಿಕ್ ಒಂದು ಪಾಲು) ತೊಳೆಯುವುದು ವಾಡಿಕೆ. ಫ್ಯೂಮ್ ಹುಡ್ (ವಿಷಗಾಳಿಯನ್ನು ಹೊರಹಾಕುವ ಗೂಡು) ಇಲ್ಲದ ಕಡೆ ಅದಕ್ಕೆ ಕೈ ಹಾಕಬೇಡಿ, ಮುಚ್ಚಿದ ಸೀಸೆಯಲ್ಲಂತೂ ಎಂದೂ ತುಂಬಿಡಬೇಡಿ. ಹೊಸ ಫ್ಲಾಸ್ಕ್ ಒಂದನ್ನು ಇದಕ್ಕೆಂದೇ ಮೀಸಲಿಟ್ಟು, ಸಾಬೂನಿನಿಂದ ತೊಳೆದು ಶುದ್ಧ ನೀರಿನಲ್ಲಿ ಐದು ಸಲ ಜಾಲಿಸಿದರೆ ಕಲಿಕೆಗೆ ಸಾಕು.

ನಮ್ಮ ಭಾಗದಲ್ಲಿ ಈ ಪ್ರಯೋಗ ಕೆಡುವುದು ಮುಖ್ಯವಾಗಿ ನೀರಿನಿಂದ. ಚಿನ್ನದ ಕಣಗಳು ಸಿಟ್ರೇಟಿನ ಋಣ ಆವೇಶದಿಂದ ಒಂದನ್ನೊಂದು ದೂರ ತಳ್ಳಿಕೊಂಡು ನಿಂತಿರುತ್ತವೆ. ಸೋಡಿಯಂಗಿಂತ ಕ್ಯಾಲ್ಸಿಯಂ ಆ ತಳ್ಳಾಟವನ್ನು ಎಷ್ಟೋ ಪಟ್ಟು ಬೇಗ ಮುರಿಯುತ್ತದೆ. ಅದೇ ಕಲಿಲಗಳ ಅಧ್ಯಾಯದ ಷುಲ್ಟ್ಸೆ–ಹಾರ್ಡಿ ನಿಯಮ ಹೇಳುವುದೂ ಇದನ್ನೇ. ಚಿನ್ನ ನೀಲಿಯಾಗಲು ಸೋಡಿಯಂ ಹತ್ತಾರು ಮಿಲಿಮೋಲಾರ್ ಬೇಕಾದರೆ ಕ್ಯಾಲ್ಸಿಯಂ ಕೆಲವೇ ಮಿಲಿಮೋಲಾರ್ ಸಾಕು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನದ ಅಪೇಕ್ಷಿತ ಮಿತಿ ಲೀಟರಿಗೆ 200 ಮಿ.ಗ್ರಾಂ, ಬೇರೆ ಮೂಲ ಇಲ್ಲದಾಗ 600ರವರೆಗೆ ಅವಕಾಶ. ಈ ಮಿತಿ ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ, ಆದ್ದರಿಂದ 600 ಎಂದರೆ 6 ಮಿಲಿಮೋಲಾರ್. ಗಡಸು ಬೋರಿನ ನೀರಿನಲ್ಲಿ ಜಾಲಿಸಿದ ಪರೀಕ್ಷಾ ನಳಿಕೆಯಲ್ಲಿ ಪ್ರೋಟೀನ್ ಹಾಕುವ ಮೊದಲೇ ಚಿನ್ನ ನೀಲಿಯಾಗುವುದಕ್ಕೆ ಕಾರಣ ಇಷ್ಟೇ. ಮನೆಯ ಆರ್‌ಒ ನೀರೂ ಸಾಲದು. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ತಂದರೆ ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಲವಣ ಅಳೆಯುವ ಉಪಕರಣ) ಅದ್ದಿ ನೋಡಿ. 5ಕ್ಕಿಂತ ಕೆಳಗಿದ್ದರೆ ಬಳಸಿ.

ಈಗ ಅಳತೆ. 5 ಮಿ.ಲೀ. ಚಿನ್ನದ ಕಲಿಲ ಹಾಕಿದ ಮೇಲೂ ಜಾಗ ಉಳಿಯುವ ಆರು ನಳಿಕೆ ತೆಗೆದುಕೊಳ್ಳಿ. ಬೋವೈನ್ ಸೀರಂ ಆಲ್ಬುಮಿನ್ ಎಂಬ ಪ್ರೋಟೀನನ್ನು ಮಿ.ಲೀ.ಗೆ 100 ಮೈಕ್ರೊಗ್ರಾಂನಂತೆ ನೀರಿನಲ್ಲಿ ಕರಗಿಸಿ, ನಳಿಕೆಗಳಿಗೆ 0, 25, 50, 100, 200, 400 ಮೈಕ್ರೊಲೀಟರ್ ಹಾಕಿ, ಪ್ರತಿಯೊಂದನ್ನೂ ನೀರಿನಿಂದ 500 ಮೈಕ್ರೊಲೀಟರ್‌ಗೆ ತನ್ನಿ. ಮೈಕ್ರೊಪಿಪೆಟ್ ಇಲ್ಲವೆಂದು ಕೈಚೆಲ್ಲಬೇಡಿ. ಔಷಧ ಅಂಗಡಿಯ 40 ಯೂನಿಟ್ಟಿನ ಇನ್ಸುಲಿನ್ ಸಿರಿಂಜಿನಲ್ಲಿ ಒಂದು ಯೂನಿಟ್ ಎಂದರೆ ಸರಿಯಾಗಿ 25 ಮೈಕ್ರೊಲೀಟರ್. ಮೇಲಿನ ಅಳತೆಗಳು 1, 2, 4, 8, 16 ಯೂನಿಟ್ ಆಗುತ್ತವೆ. ಆಮೇಲೆ 5 ಮಿ.ಲೀ. ಚಿನ್ನವನ್ನು ಪ್ರೋಟೀನಿನ ಮೇಲೆ ಸುರಿದು ಕೂಡಲೇ ಅಲುಗಿಸಿ. ಚಿನ್ನದೊಳಗೆ ಪ್ರೋಟೀನನ್ನು ಹನಿಹನಿಯಾಗಿ ಬಿಟ್ಟರೆ ಹನಿ ಬಿದ್ದ ಜಾಗದ ಕಣಗಳಿಗೆ ಹೆಚ್ಚು, ಉಳಿದವಕ್ಕೆ ಕಡಿಮೆ ಸಿಗುತ್ತದೆ. ಹತ್ತು ನಿಮಿಷ ಬಿಟ್ಟು 10% ಉಪ್ಪಿನ ದ್ರಾವಣ 500 ಮೈಕ್ರೊಲೀಟರ್ ಹಾಕಿ. ಅಡುಗೆ ಉಪ್ಪು ಬೇಡ, ಅದರಲ್ಲಿ ಉದುರುದುರಾಗಿರಲೆಂದು ಬೆರೆಸಿದ ಪದಾರ್ಥಗಳಿರುತ್ತವೆ. ಇನ್ನೂ ಹತ್ತು ನಿಮಿಷದ ನಂತರ ಕಲರಿಮೀಟರಿನಲ್ಲಿ (ದ್ರಾವಣ ಎಷ್ಟು ಬೆಳಕು ಹೀರುತ್ತದೆ ಎಂದು ಅಳೆಯುವ ಉಪಕರಣ) 520 ನ್ಯಾನೊಮೀಟರಿನ ಆಸುಪಾಸಿನ ಫಿಲ್ಟರ್ ಒಮ್ಮೆ, 620ರ ಆಸುಪಾಸಿನದು ಒಮ್ಮೆ ಹಾಕಿ ಓದಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದ ಸಂಖ್ಯೆಯೇ ನಿಮ್ಮ ಫಲಿತಾಂಶ. ಕೆಂಪು ಚಿನ್ನಕ್ಕೆ ಅದು ಚಿಕ್ಕದು, ನೀಲಿಗೆ ದೊಡ್ಡದು. ಫಿಲ್ಟರಿನ ಪಟ್ಟಿ ಅಗಲವಾದ್ದರಿಂದ ಪುಸ್ತಕದ ಸಂಖ್ಯೆಗೆ ಹೋಲಿಸಬೇಡಿ. ಉಪ್ಪು ಹಾಕದೆ ಬೇರೆ ಇಟ್ಟ ಏಳನೇ ನಳಿಕೆ ಒಂದು ತುದಿ, ಪ್ರೋಟೀನಿಲ್ಲದೆ ಉಪ್ಪು ಹಾಕಿದ ನಳಿಕೆ ಇನ್ನೊಂದು ತುದಿ ಎಂದು ಇಟ್ಟುಕೊಳ್ಳಿ.

ಬಣ್ಣದ ತಿರುವು ಯಾವ ನಳಿಕೆಯಲ್ಲಿ ಬರಬೇಕೆಂದು ಮೊದಲೇ ಲೆಕ್ಕ ಹಾಕಬಹುದು. ಈ ಲೆಕ್ಕ ಇಲ್ಲದ ಪ್ರಯೋಗ ಅರ್ಧ ಪ್ರಯೋಗ ಎಂದೇ ನಾವು ಹೇಳುತ್ತೇವೆ. ಲೀಟರಿನಲ್ಲಿ 0.05 ಗ್ರಾಂ ಚಿನ್ನವಿದೆ. ಸಾಂದ್ರತೆ 19.3. ಕಣದ ವ್ಯಾಸ 15 ನ್ಯಾನೊಮೀಟರ್ ಆದರೆ ಒಂದು ಮಿ.ಲೀ.ಯಲ್ಲಿ ಸುಮಾರು ಒಂದೂವರೆ ಲಕ್ಷ ಕೋಟಿ ಕಣಗಳು. ಒಂದೊಂದರ ಹೊರಮೈ 707 ಚದರ ನ್ಯಾನೊಮೀಟರ್, ಎಲ್ಲ ಕೂಡಿದರೆ ಸುಮಾರು 10 ಚದರ ಸೆಂಟಿಮೀಟರ್. ಆಲ್ಬುಮಿನ್ ಅಣು ಕೂರಲು ಸುಮಾರು 50 ಚದರ ನ್ಯಾನೊಮೀಟರ್ ಜಾಗ ಬೇಕೆಂದು ಹಿಡಿದರೆ ಕಣವೊಂದಕ್ಕೆ ಹದಿನಾಲ್ಕು ಅಣು. ಅಣುಭಾರ ಸುಮಾರು 66,400 ಆದ್ದರಿಂದ ಮಿ.ಲೀ. ಚಿನ್ನಕ್ಕೆ 2ರಿಂದ 3 ಮೈಕ್ರೊಗ್ರಾಂ, 5 ಮಿ.ಲೀ.ಗೆ 10ರಿಂದ 15 ಮೈಕ್ರೊಗ್ರಾಂ. ಅಂದರೆ ನಾಲ್ಕು, ಐದನೇ ನಳಿಕೆಗಳ ನಡುವೆ ಬಣ್ಣ ಕೆಂಪಾಗಿ ಉಳಿಯತೊಡಗಬೇಕು. ಅದಕ್ಕಿಂತ ಹತ್ತು ಪಟ್ಟು ಹೆಚ್ಚು ಬೇಕಾಯಿತೆಂದರೆ ಪ್ರೋಟೀನ್ ಹಳತಾಗಿ ಉಂಡೆಗಟ್ಟಿದೆ, ಇಲ್ಲವೇ ದುರ್ಬಲ ದ್ರಾವಣದಲ್ಲಿ ಬಹಳ ಹೊತ್ತು ಇದ್ದು ನಳಿಕೆಯ ಗೋಡೆಗೇ ಅಂಟಿಕೊಂಡಿದೆ.

ಕೆಡುವ ಕಾರಣಗಳು ಇನ್ನೂ ಇವೆ. ಜೀವರಸಾಯನದವರು ಅಭ್ಯಾಸಬಲದಿಂದ ಪ್ರೋಟೀನನ್ನು ಫಾಸ್ಫೇಟ್ ಸಲೈನಿನಲ್ಲಿ ಕರಗಿಸುತ್ತಾರೆ. ಅದರಲ್ಲೇ 137 ಮಿಲಿಮೋಲಾರ್ ಉಪ್ಪಿದೆ, ಚಿನ್ನ ತಕ್ಷಣ ನೀಲಿಯಾಗುತ್ತದೆ, ತಪ್ಪು ಮಾತ್ರ ಪ್ರೋಟೀನಿನ ತಲೆಗೆ ಬರುತ್ತದೆ. ಸಿಸ್ಟೀನ್‌ನಂಥ ಗಂಧಕದ ಅಣುಗಳು, ಪ್ರೋಟೀನ್ ಕೆಡದಿರಲೆಂದು ಹಾಕುವ ಸೋಡಿಯಂ ಅಜೈಡು, ಇವೆಲ್ಲ ಚಿನ್ನದ ಮೈಯಲ್ಲಿ ಜಾಗಕ್ಕಾಗಿ ಪೈಪೋಟಿ ನಡೆಸುತ್ತವೆ. ಪಿಎಚ್ ಮೀಟರಿನ ಎಲೆಕ್ಟ್ರೋಡನ್ನು ಬರೀ ಚಿನ್ನದಲ್ಲಿ ಅದ್ದಬೇಡಿ, ಕಣಗಳು ಅದರ ಸಂದಿಯಲ್ಲಿ ಕೂತು ಎಲೆಕ್ಟ್ರೋಡ್ ಹಾಳಾಗುತ್ತದೆ. ಪಿಎಚ್ ಕಾಗದ ಸಾಕು. ಆಲ್ಬುಮಿನ್‌ನ ಸಮವಿದ್ಯುತ್ ಬಿಂದು (ಒಟ್ಟು ಆವೇಶ ಸೊನ್ನೆಯಾಗುವ ಪಿಎಚ್) ಪಿಎಚ್ 4.7ರ ಹತ್ತಿರ. ಅದಕ್ಕಿಂತ ಕೆಳಗೆ ಹೋದರೆ ಪ್ರೋಟೀನ್ ಧನ ಆವೇಶ ಪಡೆದು ಎರಡು ಕಣಗಳ ನಡುವೆ ಸೇತುವೆಯಾಗಿ, ಉಪ್ಪಿಲ್ಲದೆಯೂ ನೀಲಿ ಬರಿಸುತ್ತದೆ. ಲೈಸೊಜೈಮ್‌ಗೆ ಆ ಬಿಂದು 11ರ ಸುತ್ತ, ಹಾಗಾಗಿ ಅದು ತಟಸ್ಥ ನೀರಿನಲ್ಲೇ ಸೇತುವೆ ಕಟ್ಟುತ್ತದೆ. ಅಗ್ಗವೆಂದು ಮೊಟ್ಟೆಯ ಬಿಳಿ ಲೋಳೆ ಬಳಸುವವರಿಗೆ ಗೊಂದಲವಾಗುವುದು ಇದರಿಂದಲೇ. ಅದರಲ್ಲಿ ರಕ್ಷಿಸುವ ಓವಾಲ್ಬುಮಿನ್ನೂ ಇದೆ, ಉಂಡೆಗಟ್ಟಿಸುವ ಲೈಸೊಜೈಮೂ ಇದೆ. ಆದರೆ ಇವೆರಡನ್ನೂ ಬೇರೆಬೇರೆಯಾಗಿ ತಂದು ಪಕ್ಕಪಕ್ಕದಲ್ಲಿ ಮಾಡಿ ತೋರಿಸಿದರೆ, ಆವೇಶವೆಂದರೇನು ಎಂದು ಕಪ್ಪು ಹಲಗೆಯ ಮೇಲೆ ಒಂದು ತಾಸು ಹೇಳುವ ಶ್ರಮ ಉಳಿಯುತ್ತದೆ.

ತೊಗರಿಯ ಕಣಜದಲ್ಲಿ ಕೂತು ಹಸುವಿನ ಪ್ರೋಟೀನಿಗೇ ನಿಲ್ಲಬೇಕಿಲ್ಲ. ಸಿಪ್ಪೆ ತೆಗೆದ ತೊಗರಿಬೇಳೆಯ ಹಿಟ್ಟು 1 ಗ್ರಾಂ, ಶುದ್ಧ ನೀರು 10 ಮಿ.ಲೀ., ಒಂದು ತಾಸು ಅಲುಗಿಸಿ ಸೋಸಿ. ನೀರಿಗೆ ಇಳಿಯುವುದು ಆಲ್ಬುಮಿನ್ ಜಾತಿಯ ಪ್ರೋಟೀನುಗಳು. ಹೆಚ್ಚು ಪಾಲಿನ ಗ್ಲೋಬುಲಿನ್‌ಗಳಿಗೆ ಉಪ್ಪು ನೀರು ಬೇಕು, ಆ ಉಪ್ಪನ್ನು ಡಯಾಲಿಸಿಸ್ ಮಾಡಿ (ಸೂಕ್ಷ್ಮ ರಂಧ್ರದ ಪೊರೆಯ ಮೂಲಕ ಹೊರಬಿಟ್ಟು) ಕಳೆಯಬೇಕು. ಸಿಪ್ಪೆ ಇರುವ ಕಾಳು ಬಳಸಿದರೆ ಸಿಪ್ಪೆಯ ಪಾಲಿಫಿನಾಲು ಮೊದಲು ಅಂಟಿಕೊಂಡು ಲೆಕ್ಕ ಕೆಡಿಸುತ್ತದೆ.

ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಒಂದು ಮಾತು. ಚಿನ್ನ ಹಾಕಿದಂತೆ ಪ್ರೋಟೀನಿನ ಟ್ರಿಪ್ಟೊಫಾನ್ ಹೊಳಪು (ಅದರಲ್ಲಿರುವ ಒಂದು ಅಮೈನೊ ಆಮ್ಲ ಸೂಸುವ ಬೆಳಕು) ಕುಗ್ಗಿತು, ಆದ್ದರಿಂದ ಗಟ್ಟಿಯಾಗಿ ಬಂಧವಾಯಿತು ಎಂದು ಬರೆಯುವ ಮುನ್ನ ಚಿನ್ನವೇ ಎಷ್ಟು ಬೆಳಕು ನುಂಗಿತು ಎಂದು ತೆಗೆದುಹಾಕಿ. ಉದ್ದೀಪನ ಮತ್ತು ಹೊರಸೂಸುವ ಎರಡೂ ತರಂಗಾಂತರಗಳಲ್ಲಿ ಹೀರಿಕೆ ಅಳೆದು, ಕೂಡಿ, ಅರ್ಧ ಮಾಡಿ, ಬಂದ ಸಂಖ್ಯೆಯನ್ನು 10ರ ಮೇಲಿನ ಘಾತವಾಗಿಟ್ಟು ಅದರಿಂದ ಹೊಳಪನ್ನು ಗುಣಿಸಬೇಕು. ಈ ತಿದ್ದುಪಡಿ ಮಾಡಿದ ಮೇಲೆ ‘ಬಂಧ’ದ ದೊಡ್ಡ ಪಾಲು ಕರಗಿಹೋಗುವ ಪ್ರಬಂಧಗಳಿವೆ, ಇದು ನೋವಿನ ಸಂಗತಿ. ಡೈನಮಿಕ್ ಲೈಟ್ ಸ್ಕ್ಯಾಟರಿಂಗಿನಲ್ಲೂ (ಚೆದುರಿದ ಬೆಳಕಿನಿಂದ ಕಣದ ಗಾತ್ರ ಅಳೆಯುವ ವಿಧಾನ) ಹೀಗೆಯೇ. ಚೆದುರುವ ಬೆಳಕು ವ್ಯಾಸದ ಆರನೇ ಘಾತಕ್ಕೆ ಏರುವುದರಿಂದ ಒಂದೆರಡು ಧೂಳಿನ ಕಣ ಇಡೀ ಉತ್ತರವನ್ನು ನುಂಗಿಬಿಡುತ್ತದೆ. ಬಫರನ್ನು 0.2 ಮೈಕ್ರೊಮೀಟರ್ ಫಿಲ್ಟರಿನಲ್ಲಿ ಸೋಸದೆ ಯಂತ್ರದ ಮುಂದೆ ಕೂರಬೇಡಿ.

ಚಿನ್ನವನ್ನು ಕೊಳ್ಳಲಾಗದ ಕಾಲೇಜಿಗೂ ದಾರಿಯಿದೆ, ಅದು ಕಾಲ ಕೆಳಗೇ ಇದೆ. ನಮ್ಮ ಎರೆಮಣ್ಣಿನ ಜೇಡಿಯಲ್ಲಿ ಮುಖ್ಯವಾದದ್ದು ಸ್ಮೆಕ್ಟೈಟ್. ಅದರ ಒಂದೊಂದು ಪದರ ಸುಮಾರು 1 ನ್ಯಾನೊಮೀಟರ್ ದಪ್ಪ. ಶುದ್ಧ ಸ್ಮೆಕ್ಟೈಟ್ ಒಂದು ಗ್ರಾಮಿನ ಪದರಗಳನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 750 ಚದರ ಮೀಟರ್, ಅಂದರೆ ಹೆಚ್ಚುಕಡಿಮೆ ಆರು ಕಬಡ್ಡಿ ಅಂಕಣ. ಮಳೆಗೆ ಹಿಗ್ಗಿ ಬೇಸಿಗೆಗೆ ಬಿರುಕು ಬಿಡುವುದೂ ಇದೇ ಪದರಗಳ ಆಟ. ಮಣ್ಣಿನಲ್ಲಿರುವ ಯೂರಿಯೇಸ್ ಎಂಬ ಕಿಣ್ವ ಈ ಜೇಡಿಗೆ ಅಂಟಿ, ತನ್ನನ್ನು ತಿನ್ನುವ ಕಿಣ್ವಗಳಿಂದ ತಪ್ಪಿಸಿಕೊಂಡು ಬಹುಕಾಲ ಕೆಲಸ ಮಾಡುತ್ತದೆ. ಹೊಲದ ಮೇಲೆ ಎರಚಿದ ಯೂರಿಯಾ ಅಮೋನಿಯಾ ಆಗಿ ಹಾರಿಹೋಗುವುದರಲ್ಲಿ ಅದರ ಪಾಲಿದೆ. ಹತ್ತಿ ಬೆಳೆಯುವ ಯಾದಗಿರಿಯ ರೈತರಿಗೆ ಇದಕ್ಕಿಂತ ಹತ್ತಿರದ ನ್ಯಾನೊ ವಿಷಯ ಯಾವುದಿದೆ?

ಜೇಡಿ ಬೇರ್ಪಡಿಸಲು ತಾಳ್ಮೆ ಬೇಕು. 50 ಗ್ರಾಂ ಮಣ್ಣು ಜರಡಿ ಹಿಡಿದು, ಪಿಎಚ್ 5ರ ಅಸಿಟೇಟ್ ಬಫರಿನಲ್ಲಿ ಗುಳ್ಳೆ ನಿಲ್ಲುವವರೆಗೆ ಇಟ್ಟು ಸುಣ್ಣ ತೆಗೆಯಿರಿ. ಗಡುಸು ಆಮ್ಲ ಹಾಕಿದರೆ ಜೇಡಿಯೇ ಕರಗುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಸ್ವಲ್ಪಸ್ವಲ್ಪವಾಗಿ ಹಾಕಿ ಸಾವಯವ ಅಂಶ ಸುಡಿ, ನೊರೆ ಉಕ್ಕುತ್ತದೆ, ದೊಡ್ಡ ಬೀಕರ್ ಇರಲಿ. ಈ ಹಂತ ಬಿಟ್ಟರೆ ಉಳಿದ ಹ್ಯೂಮಿಕ್ ಪದಾರ್ಥ (ಕೊಳೆತ ಸಾವಯವ ಅಂಶ) ಲೋರಿ ವಿಧಾನದಲ್ಲಿ (ನೀಲಿ ಬಣ್ಣದಿಂದ ಪ್ರೋಟೀನ್ ಅಳೆಯುವ ವಿಧಾನ) ನೀಲಿ ಬಣ್ಣ ಕೊಟ್ಟು ಪ್ರೋಟೀನ್ ಎಂದು ನಂಬಿಸುತ್ತದೆ. ನಂತರ 1 ಮೋಲಾರ್ ಸೋಡಿಯಂ ಕ್ಲೋರೈಡಿನಲ್ಲಿ ಮೂರು ಸಲ, ಆಮೇಲೆ ಶುದ್ಧ ನೀರಿನಲ್ಲಿ ಪದೇಪದೇ ತೊಳೆಯಿರಿ. ಉಪ್ಪು ಹೋಗುತ್ತಿದ್ದಂತೆ ಜೇಡಿ ಕೆಳಗೆ ಕೂರುವುದನ್ನು ನಿಲ್ಲಿಸಿ ತೇಲತೊಡಗುತ್ತದೆ, ಅದೇ ಗುರುತು. ಕಲಕಿ ಬಿಟ್ಟು, ಮೇಲಿನ 10 ಸೆಂ.ಮೀ. ನೀರನ್ನು 20 ಡಿಗ್ರಿಯಲ್ಲಾದರೆ ಸುಮಾರು 8 ತಾಸಿಗೆ, ನಮ್ಮ 30 ಡಿಗ್ರಿಯ ಕೋಣೆಯಲ್ಲಿ ಸುಮಾರು 6 ತಾಸಿಗೆ ತೆಗೆದರೆ 2 ಮೈಕ್ರೊಮೀಟರಿಗಿಂತ ಚಿಕ್ಕ ಕಣಗಳಷ್ಟೇ ಬರುತ್ತವೆ. ಮಣ್ಣು ಬಿಡಿಸಲು ಕ್ಯಾಲ್ಗಾನ್ ಬಳಸುವುದು ರೂಢಿ. ಇಲ್ಲಿ ಬೇಡ, ಅದರ ಫಾಸ್ಫೇಟು ಜೇಡಿಯ ಅಂಚುಗಳನ್ನು ಮೊದಲೇ ಹಿಡಿದುಬಿಡುತ್ತದೆ.

ಲೀಟರಿಗೆ 1 ಗ್ರಾಂ ಜೇಡಿಯ ನೀರು 5 ಮಿ.ಲೀ., ಮಿ.ಲೀ.ಗೆ 1 ಮಿ.ಗ್ರಾಂ ಆಲ್ಬುಮಿನ್ 5 ಮಿ.ಲೀ. ಬೆರೆಸಿ, ಪಿಎಚ್ 4, 5, 7ಕ್ಕೆ ಹೊಂದಿಸಿ, ಎರಡು ತಾಸು ಅಲುಗಿಸಿ, ಸೆಂಟ್ರಿಫ್ಯೂಜ್ ಮಾಡಿ (ಯಂತ್ರದಲ್ಲಿ ಜೋರಾಗಿ ಸುತ್ತಿಸಿ ಕಣ ಕೆಳಗಿಳಿಸಿ), ಮೇಲಿನ ತಿಳಿಯಲ್ಲಿ ಉಳಿದ ಪ್ರೋಟೀನನ್ನು ಲೋರಿಯಿಂದ ಅಳೆಯಿರಿ. ಹಾಕಿದ್ದರಲ್ಲಿ ಉಳಿದದ್ದನ್ನು ಕಳೆದರೆ ಅಂಟಿದ್ದು. ಜೇಡಿ ಮಾತ್ರ ಇರುವ ನಳಿಕೆ, ಪ್ರೋಟೀನ್ ಮಾತ್ರ ಇರುವ ನಳಿಕೆ ಜೊತೆಗಿರಲಿ. 15 ನ್ಯಾನೊಮೀಟರ್ ಚಿನ್ನವನ್ನು ಕೆಳಗಿಳಿಸಲು ಗುರುತ್ವದ 12,000 ಪಟ್ಟಿಗೂ ಮಿಕ್ಕ ಬಲ ಬೇಕು. ಕಾಲೇಜಿನ ನಿಮಿಷಕ್ಕೆ 4,000 ಸುತ್ತಿನ ಯಂತ್ರಕ್ಕೆ ಅದು ಆಗದ ಕೆಲಸ, ಜೇಡಿ ಆಗುವ ಕೆಲಸ. ಪಿಎಚ್ 5ರ ಹತ್ತಿರ ಹೆಚ್ಚು ಅಂಟಿ, 7ರಲ್ಲಿ ಕಡಿಮೆಯಾಗುತ್ತದೆ. ಆಮೇಲೆ 5ರಲ್ಲಿ ಅಂಟಿದ್ದನ್ನು 7ಕ್ಕೆ ತಂದು ನೋಡಿ, ಅಂಟಿದ್ದೆಲ್ಲ ಮರಳಿ ಬರುವುದಿಲ್ಲ. ಮೈಗೆ ತಾಗಿದ ಪ್ರೋಟೀನ್ ತನ್ನ ಮಡಿಕೆ ಸ್ವಲ್ಪ ಬಿಚ್ಚಿಕೊಂಡು ಇನ್ನಷ್ಟು ಕಡೆ ಹಿಡಿಯುತ್ತದೆ.

ಇದೇ ಹಿಡಿತ ಆಶಾ ಕಾರ್ಯಕರ್ತೆಯರ ಚೀಲದಲ್ಲೂ ಇದೆ. ಗರ್ಭಧಾರಣೆ ಪರೀಕ್ಷೆಯ ಪಟ್ಟಿಯಲ್ಲಿ ಮೂಡುವ ಕೆಂಪು ಗೆರೆ ಸಾಮಾನ್ಯವಾಗಿ ಚಿನ್ನದ ಕಣಗಳದ್ದು, ಅವುಗಳ ಮೈಗೆ ಪ್ರತಿಕಾಯ ಅಂಟಿಸಿರುತ್ತಾರೆ. ಸೆಕೆಗೆ ಪ್ರತಿಕಾಯ ಕೆಟ್ಟರೆ ಗೆರೆ ಮಸುಕಾಗುತ್ತದೆ. ಕಲಬುರಗಿಯ ಮೇ ತಿಂಗಳಲ್ಲಿ ಬೈಕಿನ ಡಿಕ್ಕಿಯಲ್ಲಿ ಪಟ್ಟಿಗಳನ್ನು ಇಡಬಾರದು. ಪೊಟ್ಟಣದ ಮೇಲೆ ಬರೆದ ಉಷ್ಣತೆಯ ಮಿತಿ ಅಲಂಕಾರಕ್ಕೆ ಬರೆದದ್ದಲ್ಲ.

ನಮ್ಮ ಕೋರಿಕೆ ದೊಡ್ಡದೇನಲ್ಲ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಪ್ರತಿ ವಿಜ್ಞಾನ ಕಾಲೇಜಿಗೆ ಒಂದು ಜೊತೆ ಮೈಕ್ರೊಪಿಪೆಟ್, ನೀರು ಶುದ್ಧ ಮಾಡುವ ಒಂದು ಡೀಅಯೊನೈಜರ್, ಒಂದು ಚಿಕ್ಕ ಹೈಸ್ಪೀಡ್ ಸೆಂಟ್ರಿಫ್ಯೂಜ್ ಕೊಡಿಸಲಿ. ಕಣದ ಗಾತ್ರ, ಆವೇಶ ಅಳೆಯುವ ದುಬಾರಿ ಯಂತ್ರ ಮೂರು ಜಿಲ್ಲೆಗೆ ಒಂದು ಸಾಕು, ಆದರೆ ಅದನ್ನು ನಡೆಸುವ ತಂತ್ರಜ್ಞರೂ ಕಾಯಂ ಇರಬೇಕು. ಗುಲಬರ್ಗಾ ವಿಶ್ವವಿದ್ಯಾಲಯ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ ಮೂರೂ ತಮ್ಮಲ್ಲಿರುವ ಉಪಕರಣಗಳ ಪಟ್ಟಿ, ಹೊರಗಿನ ವಿದ್ಯಾರ್ಥಿ ಬಳಸುವ ದಿನ, ಶುಲ್ಕ ಇಷ್ಟನ್ನು ಕನ್ನಡದಲ್ಲಿ ಪ್ರಕಟಿಸಿದರೆ ಜೇವರ್ಗಿ, ಔರಾದ್, ಸುರಪುರದ ಮಕ್ಕಳು ಬೆಂಗಳೂರಿನ ಬಸ್ಸು ಹತ್ತುವ ಮುನ್ನ ಇಲ್ಲೇ ಒಮ್ಮೆ ಕೇಳಬಹುದು. ದೇಶದ ಸಂಶೋಧನಾ ಉಪಕರಣಗಳನ್ನು ಕಾದಿರಿಸಲು 2020ರಲ್ಲಿ ಶುರುವಾದ ಐ-ಸ್ಟೆಮ್ ಜಾಲತಾಣವೂ ಇದೆ. ಪ್ರಾಜೆಕ್ಟ್ ಮಾರ್ಗದರ್ಶಕರು ಮೊದಲ ವಾರದಲ್ಲೇ ಅದನ್ನು ತೆರೆದು ತೋರಿಸಲಿ.

ಪ್ರಯೋಗ ಮುಗಿದ ಮೇಲೆ ಚಿನ್ನದ ದ್ರಾವಣವನ್ನು ಬೇಸಿನ್ನಿಗೆ ಸುರಿಯಬೇಡಿ. ಎಲ್ಲವನ್ನೂ ಒಂದು ಸೀಸೆಯಲ್ಲಿ ಕೂಡಿಡಿ. ಪ್ರೋಟೀನ್ ಹೊದ್ದ ಕಣಗಳು ಬರೀ ಉಪ್ಪಿಗೆ ಕೂರುವುದಿಲ್ಲ, ಸ್ವಲ್ಪ ಆಮ್ಲ ಹಾಕಿ ಕುದಿಸಿ ಒಂದು ವಾರ ಬಿಟ್ಟರೆ ಕಪ್ಪಗೆ ಅಡಿಗೆ ಇಳಿಯುತ್ತವೆ. ಬೆಳ್ಳಿಯ ತ್ಯಾಜ್ಯಕ್ಕೆ ಬೇರೆ ಸೀಸೆ ಇರಲಿ, ಎರಡಕ್ಕೂ ದಿನಾಂಕ ಬರೆದ ಚೀಟಿ ಅಂಟಿಸಿರಿ.

ಇತಿ ತಮ್ಮ ವಿಶ್ವಾಸಿಗಳು,
ರಸಾಯನಶಾಸ್ತ್ರ ಮತ್ತು ಜೀವರಸಾಯನಶಾಸ್ತ್ರ ಬೋಧಿಸುವ ಅಧ್ಯಾಪಕರು
ಕಲಬುರಗಿ